ಮೂರು, ಎರಡು, ಒಂದು: ಎಚ್‌ಪಿವಿ ಲಸಿಕೆಯ ಡೋಸ್ ಕಡಿಮೆಯಾದ ಕಥೆ

ಹತ್ತು ವರ್ಷದ ಮಗಳಿರುವ ಮನೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಮಾತು ಎದ್ದರೆ ನಾಲ್ಕು ಕಡೆಯಿಂದ ನಾಲ್ಕು ಮಾತು ಬರುತ್ತವೆ. ಮೂರು ಡೋಸ್ ಬೇಕು ಎನ್ನುತ್ತಾರೆ ಚಿಕ್ಕಮ್ಮ. ಎರಡು ಸಾಕು ಎನ್ನುತ್ತಾರೆ ಮಕ್ಕಳ ವೈದ್ಯರು. ಒಂದೇ ಸಾಕಂತೆ ಎನ್ನುತ್ತಾರೆ ಪತ್ರಿಕೆ ಓದಿದವರು. ಇದನ್ನು ಹಾಕಿಸಿಕೊಂಡ ಹುಡುಗಿಯರು ಸತ್ತಿದ್ದರಂತಲ್ಲ ಎಂದು ಯಾರೋ ನೆನಪಿಸಿದ ಮೇಲೆ ಮಾತು ಅಲ್ಲಿಗೇ ನಿಲ್ಲುತ್ತದೆ. ಇವು ಒಂದಕ್ಕೊಂದು ವಿರುದ್ಧವೆಂದು ಕಂಡರೂ ಪ್ರತಿಯೊಂದಕ್ಕೂ ಒಂದೊಂದು ಇಸವಿಯಿದೆ. ಇಸವಿ ಮರೆತುಹೋಗಿ ಮಾತು ಮಾತ್ರ ಉಳಿದಿದೆ.

ಗರ್ಭಕೊರಳಿನ ಕ್ಯಾನ್ಸರ್‌ಗೆ ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಕಾರಣ ಎಂಬುದರ ಜಾಡನ್ನು ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ 1983–84ರಲ್ಲಿ ಹಿಡಿದರು. 2008ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ಆಸ್ಟ್ರೇಲಿಯಾದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೋ ವೈರಸ್ಸಿನ ಹೊರಕವಚವನ್ನು ಮಾತ್ರ ಕಟ್ಟುವ ಬಗೆ ಕಂಡುಕೊಂಡಿದ್ದರು, 2006ರಲ್ಲಿ ಅಮೆರಿಕದಲ್ಲಿ ಮೊದಲ ಲಸಿಕೆ ಮಾರುಕಟ್ಟೆಗೆ ಬಂದಿತ್ತು. ಕವಚದ ಒಳಗೆ ವೈರಸ್ಸಿನ ವಂಶವಾಹಿ ಇಲ್ಲ, ತಿರುಳಿಲ್ಲದ ಬರೀ ಸಿಪ್ಪೆ. ಹೀಗಾಗಿ ಲಸಿಕೆಯಿಂದಲೇ ಸೋಂಕು ತಗಲುವ ಪ್ರಶ್ನೆ ಬರುವುದಿಲ್ಲ. ದೇಹ ಸಿಪ್ಪೆಯ ಗುರುತು ಹಿಡಿದಿಟ್ಟುಕೊಳ್ಳುತ್ತದೆ, ಮುಂದೆ ನಿಜವಾದ ವೈರಸ್ ಬಂದಾಗ ಅದನ್ನು ತಡೆಯುತ್ತದೆ.

ಭಾರತಕ್ಕೆ ಇದು ದೂರದ ಸುದ್ದಿಯಾಗಿರಲಿಲ್ಲ. 2022ರ ಜಾಗತಿಕ ಅಂದಾಜಿನಂತೆ ನಮ್ಮಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬರುತ್ತದೆ, ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ನಡೆಸಿಕೊಂಡು ಬಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಮೊದಮೊದಲು ಹೆಂಗಸರ ಪಟ್ಟಿಯ ಮೇಲ್ತುದಿಯಲ್ಲಿ ಇದ್ದದ್ದು ಇದೇ. ನಂತರ ನಗರದಲ್ಲಿ ಅದು ಇಳಿಯುತ್ತಾ ಬಂತು, ಸ್ತನ ಕ್ಯಾನ್ಸರ್ ಮೇಲೇರಿತು. ತಡವಾದ ಮದುವೆ, ಕಡಿಮೆ ಹೆರಿಗೆ, ಸುಧಾರಿಸಿದ ನೈರ್ಮಲ್ಯ ಈ ಇಳಿಕೆಗೆ ಕಾರಣವೆನ್ನುತ್ತಾರೆ. ಲಸಿಕೆಯ ಅವಸರವೇನಿದೆ ಎಂದು ವಾದಿಸುವವರು ಈ ಇಳಿಕೆಯನ್ನೇ ತೋರಿಸುತ್ತಿದ್ದರು. ಇಳಿದ ಮೇಲೂ ಉಳಿದ ಸಂಖ್ಯೆ ಎಷ್ಟು ಎಂಬುದನ್ನು ಮೇಲೆ ಹೇಳಿದ್ದೇನೆ.

2008ರಲ್ಲಿ ಎರಡು ಕಂಪನಿಗಳ ಲಸಿಕೆಗೆ ಭಾರತದಲ್ಲಿ ಪರವಾನಗಿ ಸಿಕ್ಕಿತು. ಮರುವರ್ಷ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ (ಈಗ ತೆಲಂಗಾಣ) ಮತ್ತು ಗುಜರಾತಿನ ವಡೋದರದಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಲಸಿಕೆ ಹಾಕುವ ಪ್ರಾತ್ಯಕ್ಷಿಕೆ ಯೋಜನೆ ಶುರುವಾಯಿತು. ವಿದೇಶಿ ಸಂಸ್ಥೆ, ರಾಷ್ಟ್ರೀಯ ಸಂಶೋಧನಾ ಮಂಡಳಿ, ರಾಜ್ಯ ಸರ್ಕಾರಗಳು ಎಲ್ಲವೂ ಅದರಲ್ಲಿದ್ದವು. 2010ರ ಹೊತ್ತಿಗೆ ಲಸಿಕೆ ಪಡೆದ ಹುಡುಗಿಯರಲ್ಲಿ ಏಳು ಸಾವು ವರದಿಯಾದವು. ದೊಡ್ಡ ಗದ್ದಲವೆದ್ದು ಯೋಜನೆ ನಿಂತಿತು.

ತನಿಖಾ ಸಮಿತಿ ಕಂಡುಕೊಂಡ ಸಾವಿನ ಕಾರಣಗಳಲ್ಲಿ ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ಕೀಟನಾಶಕ ಸೇವನೆ, ಮಲೇರಿಯಾ ಇದ್ದವು. ಲಸಿಕೆಗೂ ಅವಕ್ಕೂ ನಂಟು ಕಾಣಲಿಲ್ಲ. ಆದರೆ ಒಪ್ಪಿಗೆ ಪತ್ರಗಳ ಕಂತೆ ಬೇರೆಯೇ ಕಥೆ ಹೇಳಿತು. ಖಮ್ಮಂನ 9,543 ಪತ್ರಗಳಲ್ಲಿ 1,948ರಲ್ಲಿ ಹೆಬ್ಬೆಟ್ಟಿನ ಗುರುತಿತ್ತು, 2,763ಕ್ಕೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು. ಆಶ್ರಮಶಾಲೆಯ ಬುಡಕಟ್ಟು ಹುಡುಗಿಯ ತೋಳಿಗೆ ಏನು ಚುಚ್ಚಿದರು ಎಂಬುದು ಎಷ್ಟೋ ತಂದೆತಾಯಿಯರಿಗೆ ತಿಳಿದದ್ದು ಗದ್ದಲ ಎದ್ದ ಮೇಲೆಯೇ. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು, ಟೀಕೆಗೆ ಹುರುಳಿತ್ತು. ತಪ್ಪಿದ್ದದ್ದು ಕೇಳುವ ಕ್ರಮದಲ್ಲಿ, ಸೀಸೆಯ ಒಳಗಿನ ಮದ್ದಿನಲ್ಲಿ ಅಲ್ಲ. ಜನರ ನೆನಪಿನಲ್ಲಿ ಮಾತ್ರ ಎರಡೂ ಒಂದಾಗಿ ಬೆರೆತುಹೋದವು.

ಅದೇ ಸಮಯದಲ್ಲಿ ಇನ್ನೊಂದು ಅಧ್ಯಯನ ನಡೆಯುತ್ತಿತ್ತು. ಅದರ ಹೆಸರು ಹೆಚ್ಚು ಜನ ಕೇಳಿಲ್ಲ. ಮೂರು ಡೋಸ್ ಬೇಕೇ, ಎರಡು ಸಾಕೇ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಭಾರತದ ಹಲವು ಕೇಂದ್ರಗಳಲ್ಲಿ 2009ರಲ್ಲಿ ಅದನ್ನು ಆರಂಭಿಸಿತ್ತು. ನಮ್ಮ ವಿಜಯಪುರಕ್ಕೆ ಹತ್ತಿರದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯೂ ಅವುಗಳಲ್ಲೊಂದು. 10ರಿಂದ 18 ವರ್ಷದ 17 ಸಾವಿರಕ್ಕೂ ಹೆಚ್ಚು ಹುಡುಗಿಯರಿಗೆ ಲಸಿಕೆ ಬಿದ್ದಿತ್ತು. ಖಮ್ಮಂ ಗದ್ದಲದಿಂದಾಗಿ 2010ರ ಏಪ್ರಿಲ್‌ನಲ್ಲಿ ಈ ಪರೀಕ್ಷೆಗೂ ತಡೆ ಬಿತ್ತು. ಒಂದು ಡೋಸ್ ಪಡೆದು ಎರಡನೆಯದಕ್ಕೆ ಕಾಯುತ್ತಿದ್ದ ಸುಮಾರು ಐದು ಸಾವಿರ ಹುಡುಗಿಯರು ಅರ್ಧದಲ್ಲೇ ಉಳಿದರು.

ಸಂಶೋಧಕರು ಅವರನ್ನು ಕೈಬಿಡಲಿಲ್ಲ. ವರ್ಷವರ್ಷವೂ ಮನೆ ಹುಡುಕಿಕೊಂಡು ಹೋದರು, ಮದುವೆಯಾಗಿ ಬೇರೆ ಊರು ಸೇರಿದವರ ವಿಳಾಸ ಪತ್ತೆ ಮಾಡಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಈ ಕ್ಯಾನ್ಸರ್‌ಗೆ ಬಹುಪಾಲು ಕಾರಣವಾಗುವ 16 ಮತ್ತು 18ನೇ ಬಗೆಯ ವೈರಸ್ಸುಗಳ ಬಿಡದ ಸೋಂಕಿನ ವಿರುದ್ಧ ಒಂದು ಡೋಸಿನ ರಕ್ಷಣೆ ಶೇ 95.4; ಮೂರು ಡೋಸಿನದು ಶೇ 93.3. ಅಂದರೆ ವ್ಯತ್ಯಾಸವೇ ಇಲ್ಲ. ಯಾರೂ ಯೋಜಿಸದೆ ನಡೆದುಹೋದ ಪರೀಕ್ಷೆಯಿದು. ಕೆನ್ಯಾ ಮತ್ತು ಕೋಸ್ಟರಿಕಾದ ಅಧ್ಯಯನಗಳೂ ಜೊತೆಗೂಡಿದವು. 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೊಟ್ಟರೂ ಆದೀತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಬಾರ್ಶಿಯಂಥ ಊರಿನ ಹುಡುಗಿಯರಿಂದ ಸಿಕ್ಕ ಈ ತಿಳಿವಳಿಕೆಯಿಂದ ಬ್ರಿಟನ್, ಆಸ್ಟ್ರೇಲಿಯಾಗಳು 2023ರಲ್ಲೇ ಒಂದು ಡೋಸಿಗೆ ಇಳಿದು ಖರ್ಚು ಉಳಿಸಿಕೊಂಡವು.

ನಮ್ಮಲ್ಲಿ ಪಂಜಾಬಿನ ಎರಡು ಜಿಲ್ಲೆಗಳು 2016ರಲ್ಲಿ, ಸಿಕ್ಕಿಂ 2018ರಲ್ಲಿ ತಾವೇ ಮುಂದಾಗಿ ಲಸಿಕೆ ಹಾಕಿದವು. ಅಲ್ಲಿ ಯಾವ ಅನಾಹುತವೂ ಆಗಲಿಲ್ಲ, ಹಾಗಾಗಿಯೇ ಸುದ್ದಿಯೂ ಆಗಲಿಲ್ಲ. ಪುಣೆಯ ಸೀರಂ ಸಂಸ್ಥೆಯ ದೇಶೀಯ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು, 2024ರ ಮಧ್ಯಂತರ ಬಜೆಟ್ ಭಾಷಣದಲ್ಲಿ 9ರಿಂದ 14 ವರ್ಷದ ಹುಡುಗಿಯರ ಲಸಿಕೆಯ ಪ್ರಸ್ತಾಪ ಬಂತು. ಈ ಹದಿನಾಲ್ಕು ವರ್ಷಗಳಲ್ಲಿ ಖಾಸಗಿ ಆಸ್ಪತ್ರೆಯಲ್ಲಿ ಸಾವಿರಾರು ರೂಪಾಯಿ ಕೊಡಬಲ್ಲವರ ಮನೆಯ ಹುಡುಗಿಯರಿಗೆ ಲಸಿಕೆ ಒಂದು ದಿನವೂ ನಿಂತಿರಲಿಲ್ಲ.

ಹಿಂಜರಿದದ್ದು ನಾವೊಬ್ಬರೇ ಅಲ್ಲ. ಜಪಾನ್ 2013ರಲ್ಲಿ ಶಿಫಾರಸು ನಿಲ್ಲಿಸಿದಾಗ ಅಲ್ಲಿ ಲಸಿಕೆ ಪಡೆಯುವವರ ಪ್ರಮಾಣ ಶೇ 70ರ ಆಸುಪಾಸಿನಿಂದ ಶೇ 1ಕ್ಕಿಂತ ಕೆಳಗೆ ಬಿತ್ತು. ಮತ್ತೆ ಆರಂಭವಾದದ್ದು 2022ರಲ್ಲಿ. ನಿಲ್ಲಿಸದ ದೇಶಗಳಲ್ಲಿ ಲೆಕ್ಕ ಬೇರೆ. ಸ್ವೀಡನ್‌ನಲ್ಲಿ 17ಕ್ಕೆ ಮೊದಲು ಲಸಿಕೆ ಪಡೆದವರಲ್ಲಿ ಕ್ಯಾನ್ಸರ್ ಶೇ 88ರಷ್ಟು ಕಡಿಮೆಯಾಯಿತು. 17ರ ನಂತರ, 30ರೊಳಗೆ ಪಡೆದವರಲ್ಲಿ ಶೇ 53.

ಮದುವೆಯಾದ ಮೇಲೆ ಲಸಿಕೆ ದಂಡ ಎಂಬ ಮಾತಿಗೆ ಉತ್ತರ ಈ ಎರಡನೆಯ ಅಂಕಿಯಲ್ಲಿದೆ. ಲಾಭ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಈಗಾಗಲೇ ತಗಲಿದ ಬಗೆಯ ಸೋಂಕನ್ನು ಲಸಿಕೆ ಓಡಿಸದು, ಇನ್ನೂ ತಗಲದ ಬಗೆಗಳನ್ನು ತಡೆಯಬಲ್ಲದು. ಅಮೆರಿಕದಲ್ಲಿ 26ರವರೆಗೆ ಎಲ್ಲರಿಗೂ ಹೇಳುತ್ತಾರೆ. 27ರಿಂದ 45ರವರೆಗೆ ವೈದ್ಯರೊಂದಿಗೆ ಮಾತನಾಡಿ ನಿರ್ಧರಿಸಿ ಎನ್ನುತ್ತಾರೆ. 21 ತುಂಬಿದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, ಎಚ್‌ಐವಿಯಂತೆ ರೋಗನಿರೋಧಕ ಶಕ್ತಿ ಕುಂದಿಸುವ ತೊಂದರೆಯಿದ್ದವರಿಗೆ ಸಾಧ್ಯವಿದ್ದರೆ ಮೂರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚಿಕ್ಕಮ್ಮನ ಮಾತಿಗೂ ಜಾಗವಿದೆ. ಗಂಟಲು, ಗುದದ್ವಾರ, ಶಿಶ್ನದ ಕೆಲವು ಕ್ಯಾನ್ಸರ್‌ಗಳಿಗೂ ಇದೇ ವೈರಸ್ ಕಾರಣವಾದ್ದರಿಂದ ಆಸ್ಟ್ರೇಲಿಯಾ 2013ರಿಂದ ಹುಡುಗರಿಗೂ ಹಾಕುತ್ತಿದೆ. ನಮ್ಮಲ್ಲಿ ಆ ಚರ್ಚೆ ಇನ್ನೂ ಹೊಸ್ತಿಲು ದಾಟಿಲ್ಲ.

ಲಸಿಕೆ ಪಡೆದವರೂ 30ರ ನಂತರ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಳ್ಳಲೇಬೇಕು, ಏಕೆಂದರೆ ಎಲ್ಲ ಬಗೆಯ ವೈರಸ್ಸುಗಳೂ ಲಸಿಕೆಯ ವ್ಯಾಪ್ತಿಗೆ ಬರುವುದಿಲ್ಲ. ಒಮ್ಮೆಯಾದರೂ ಅದನ್ನು ಮಾಡಿಸಿಕೊಂಡಿರುವ ಭಾರತೀಯ ಮಹಿಳೆಯರು ಶೇ 2ಕ್ಕಿಂತ ಕಡಿಮೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. 2009ರಲ್ಲಿ 18 ತುಂಬಿ ಒಂದೇ ಡೋಸಿಗೆ ನಿಂತ ಹುಡುಗಿಯರು ಈಗ ಆ 30ರ ಗಡಿ ದಾಟಿದ್ದಾರೆ. ಅಧ್ಯಯನದ ಪಟ್ಟಿಯಲ್ಲಿ ಹೆಸರಿರುವ ಕಾರಣಕ್ಕೆ ಅವರನ್ನು ತಪಾಸಣೆಗೆ ಕರೆಯುವವರಿದ್ದಾರೆ.