ಜಮೀನಿನ ಜಾಡು ಹಿಡಿದು: ಲಿಂಕನ್ ಮನೆತನದ ಏಳು ತಲೆಮಾರಿನ ವಂಶಾವಳಿ ಓದುವ ಬಗೆ

ಅಬ್ರಹಾಂ ಲಿಂಕನ್ ಅಮೆರಿಕದ ಅಧ್ಯಕ್ಷರಾದವರು, ಸರಿ. ಆದರೆ ವಂಶಾವಳಿ ಕಲಿಯುವವರಿಗೆ ಅವರ ಮನೆತನ ಮುಖ್ಯವಾಗುವುದು ಬೇರೆ ಕಾರಣಕ್ಕೆ. 1637ರಲ್ಲಿ ಮ್ಯಾಸಚೂಸೆಟ್ಸ್ ತೀರದಲ್ಲಿ ಇಳಿದ ಒಬ್ಬ ಹುಡುಗನಿಂದ ಶುರುವಾಗಿ, ಹೆಚ್ಚುಕಡಿಮೆ ಪ್ರತಿ ತಲೆಮಾರೂ ಗಂಟುಮೂಟೆ ಕಟ್ಟಿಕೊಂಡು ಹೊಸ ಸೀಮೆಗೆ ಹೋಗಿದೆ. ಗಡಿನಾಡಿನ ಕುಟುಂಬಗಳಲ್ಲಿ ಎದುರಾಗುವ ತೊಡಕುಗಳೆಲ್ಲ ಈ ಒಂದೇ ಮನೆತನದಲ್ಲಿ ಸಿಗುತ್ತವೆ. ಇವರ ಜಾಡು ಹಿಡಿಯಲು ಒಂದು ಸೂತ್ರ ಸಾಕು: ಹೆಸರಿನ ಹಿಂದೆ ಹೋಗಬೇಡಿ, ಜಮೀನಿನ ಹಿಂದೆ ಹೋಗಿ. ಜನ ಊರು ಬಿಟ್ಟು ಹೋಗುತ್ತಾರೆ, ಜಮೀನು ಅಲ್ಲೇ ಇರುತ್ತದೆ. ಅದನ್ನು ಕೊಂಡವರು, ಮಾರಿದವರು, ಅದಕ್ಕೆ ತಕರಾರು ತೆಗೆದವರು ಎಲ್ಲರೂ ಕಾಗದ ಬಿಟ್ಟುಹೋಗಿದ್ದಾರೆ.

ಮೊದಲು ಸರಪಳಿ ನೋಡಿಬಿಡೋಣ. ಇಂಗ್ಲೆಂಡಿನ ನಾರ್ಫಕ್ ಸೀಮೆಯ ಹಿಂಗಮ್‌ನಿಂದ ಬಂದ ಸ್ಯಾಮುಯೆಲ್ ಮ್ಯಾಸಚೂಸೆಟ್ಸ್‌ನ ಹಿಂಗಮ್‌ನಲ್ಲಿ ನೆಲೆಸಿ 1690ರಲ್ಲಿ ತೀರಿಕೊಂಡ. ಅವನ ಮಗ ಮೊರ್ಡೆಕೈ (1657–1727) ಪಕ್ಕದ ಸಿಚುಯೇಟ್‌ನಲ್ಲಿ ಕಮ್ಮಾರಿಕೆ ಮಾಡಿದ. ಅವನ ಮಗನೂ ಮೊರ್ಡೆಕೈ (1686–1736); ನ್ಯೂಜೆರ್ಸಿಗೆ ಹೋಗಿ, ಅಲ್ಲಿಂದ ಪೆನ್ಸಿಲ್ವೇನಿಯಾ ಸೇರಿದ. ಅವನ ಮಗ ಜಾನ್ (1716–1788) 1768ರ ಹೊತ್ತಿಗೆ ವರ್ಜೀನಿಯಾದ ಶೆನಾಂಡೋ ಕಣಿವೆಯ ಲಿನ್‌ವಿಲ್ ಹಳ್ಳದ ಬದಿಗೆ ಬಂದ. ಜಾನ್‌ನ ಮಗ ಕ್ಯಾಪ್ಟನ್ ಅಬ್ರಹಾಂ (1744–1786) ಕೆಂಟಕಿಗೆ ಹೋದ. ಅವನ ಮಗ ಥಾಮಸ್ (1778–1851) 1816ರಲ್ಲಿ ಇಂಡಿಯಾನಾಕ್ಕೂ 1830ರಲ್ಲಿ ಇಲಿನಾಯ್‌ಗೂ ನಡೆದ. ಥಾಮಸ್‌ನ ಮಗನೇ 1809ರ ಫೆಬ್ರವರಿ 12ರಂದು ಹುಟ್ಟಿದ ಅಬ್ರಹಾಂ.

ಸರಪಳಿಯನ್ನು ಮೇಲಿನಿಂದ ಕೆಳಕ್ಕೆ ಹೇಳುವುದು ಸುಲಭ. ಕೆಲಸ ಮಾಡುವಾಗ ಮಾತ್ರ ಗೊತ್ತಿರುವವರಿಂದ ಗೊತ್ತಿಲ್ಲದವರ ಕಡೆಗೆ, ಅಂದರೆ ಹಿಂದಕ್ಕೆ, ಒಂದೊಂದೇ ಕೊಂಡಿ ಕಳಚುತ್ತಾ ಹೋಗಬೇಕು. ಮೇಲಿನಿಂದ ಇಳಿದರೆ ಅದೇ ಹೆಸರಿನ ಬೇರೆ ಮನೆಯವರನ್ನು ನಮ್ಮವರೆಂದು ಸೇರಿಸಿಕೊಂಡುಬಿಡುತ್ತೇವೆ.

ಹೆಸರುಗಳ ಗೋಜಲು

ಈ ಮನೆತನದಲ್ಲಿ ಮೊರ್ಡೆಕೈ, ಅಬ್ರಹಾಂ, ಥಾಮಸ್ ಎಂಬ ಹೆಸರುಗಳು ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಟ್ಟ ಹಾಗೆ ತಿರುತಿರುಗಿ ಬರುತ್ತವೆ. ಕ್ಯಾಪ್ಟನ್ ಅಬ್ರಹಾಂನ ಚಿಕ್ಕಪ್ಪನ ಹೆಸರೂ ಅಬ್ರಹಾಂ. ಈ ಚಿಕ್ಕಪ್ಪ ಹುಟ್ಟಿದ್ದು 1736ರಲ್ಲಿ, ತಂದೆ ತೀರಿಹೋದ ಮೇಲೆ. ಕ್ಯಾಪ್ಟನ್‌ಗಿಂತ ಎಂಟೇ ವರ್ಷ ದೊಡ್ಡವನು. 1760ರಲ್ಲಿ ಆ್ಯನ್ ಬೂನ್ ಎಂಬವಳನ್ನು ಮದುವೆಯಾದವನು ಈ ಚಿಕ್ಕಪ್ಪ. ಆ್ಯನ್, ಗಡಿನಾಡಿನ ಹೆಸರಾಂತ ಡೇನಿಯಲ್ ಬೂನ್‌ನ ಚಿಕ್ಕಪ್ಪ ಜೇಮ್ಸ್‌ನ ಮಗಳು. ಹಾಗಾಗಿ ಲಿಂಕನ್ನರಿಗೂ ಬೂನ್‌ರಿಗೂ ನೆಂಟಸ್ತಿಕೆ ಇದ್ದದ್ದು ನಿಜ, ಆದರೆ ಅಧ್ಯಕ್ಷ ಲಿಂಕನ್ ಆ್ಯನ್‌ಳ ಸಂತತಿಯಲ್ಲ. ಬೂನ್ ರಕ್ತ ಅವರಲ್ಲಿದೆ ಎಂದು ಬರೆದ ವಂಶವೃಕ್ಷ ಕಂಡರೆ, ಇಬ್ಬರು ಅಬ್ರಹಾಂರನ್ನು ಒಬ್ಬನೆಂದು ತಿಳಿದುಕೊಂಡಿದ್ದಾರೆ ಎಂದೇ ಅರ್ಥ.

ಸಂಬಂಧ ಸೂಚಿಸುವ ಇಂಗ್ಲಿಷ್ ಪದಗಳೂ ಕೈಕೊಡುತ್ತವೆ. ಹದಿನೆಂಟನೇ ಶತಮಾನದ ಪತ್ರಗಳಲ್ಲಿ 'ಸೀನಿಯರ್', 'ಜೂನಿಯರ್' ಎಂದರೆ ತಂದೆ–ಮಗ ಎಂದಾಗಬೇಕಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ದೊಡ್ಡವನು, ಚಿಕ್ಕವನು ಅಂತ ಅಷ್ಟೇ. 'ಕಸಿನ್' ಎಂದಿದ್ದರೆ ಅಣ್ಣನ ಮಗನೂ ಆಗಬಹುದು. 'ಬ್ರದರ್' ಭಾವಮೈದುನನೂ ಆಗಬಹುದು. ನಿಮ್ಮ ಟಿಪ್ಪಣಿಯಲ್ಲಿ ಪತ್ರದಲ್ಲಿದ್ದ ಪದವನ್ನು ಇದ್ದ ಹಾಗೇ ಬರೆದುಕೊಳ್ಳಿ, ನಿಮ್ಮ ಊಹೆಯನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ.

ಕಾಗುಣಿತದ ಮೇಲೂ ಭರವಸೆ ಇಡಬೇಡಿ. ಕೆಂಟಕಿಯ ಜಮೀನು ಕಾಗದದಲ್ಲಿ ಕ್ಯಾಪ್ಟನ್ ಹೆಸರು 'ಲಿಂಕ್‌ಹಾರ್ನ್' ಎಂದಿದೆ. ಗುಮಾಸ್ತ ಕಿವಿಗೆ ಬಿದ್ದದ್ದನ್ನು ಬರೆದುಕೊಂಡ. ಸೂಚಿಯಲ್ಲಿ ಹುಡುಕುವಾಗ ಲಿಂಕನ್, ಲಿಂಕಾನ್, ಲಿಂಕಾರ್ನ್, ಲಿಂಕ್‌ಹಾರ್ನ್ ಎಲ್ಲವನ್ನೂ ಹಾಕಿ ನೋಡಬೇಕು.

ಕೌಂಟಿ ಒಡೆದಾಗ ಕಾಗದ ಎಲ್ಲಿರುತ್ತದೆ?

ತಾಲ್ಲೂಕು ಒಡೆದು ಹೊಸ ತಾಲ್ಲೂಕು ಆದಾಗ ಹಳೆಯ ನೋಂದಣಿ ಪುಸ್ತಕಗಳು ಹಳೇ ಕಚೇರಿಯಲ್ಲೇ ಉಳಿಯುವುದು ನಮಗೆ ಗೊತ್ತಿರುವ ಸಂಗತಿ. ಅಮೆರಿಕದ ಕೌಂಟಿಗಳದ್ದೂ ಇದೇ ಕಥೆ. ಎರಡನೇ ಮೊರ್ಡೆಕೈ ಸತ್ತ ಜಾಗ ಇವತ್ತು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಲ್ಲಿದೆ. ಆ ಕೌಂಟಿ ಹುಟ್ಟಿದ್ದು 1752ರಲ್ಲಿ, ಅವನು ಸತ್ತದ್ದು 1736ರಲ್ಲಿ. ಅವನ ಉಯಿಲು ಸಿಗುವುದು ಫಿಲಡೆಲ್ಫಿಯಾದಲ್ಲಿ. ಜಾನ್ ವರ್ಜೀನಿಯಾಕ್ಕೆ ಬಂದಾಗ ಅದು ಅಗಸ್ಟಾ ಕೌಂಟಿ, ಹತ್ತು ವರ್ಷ ಕಳೆದ ಮೇಲೆ ರಾಕಿಂಗ್‌ಹ್ಯಾಮ್ ಆಯಿತು. ಅಧ್ಯಕ್ಷರು ಹುಟ್ಟಿದ ಸಿಂಕಿಂಗ್ ಸ್ಪ್ರಿಂಗ್ ಹೊಲ ಆಗ ಹಾರ್ಡಿನ್ ಕೌಂಟಿ, 1843ರಿಂದ ಈಚೆಗೆ ಲಾರೂ ಕೌಂಟಿ. ಇಂಡಿಯಾನಾದಲ್ಲಿ ಥಾಮಸ್ ಬಿಡಾರ ಹೂಡಿದ್ದು ಪೆರ್ರಿ ಕೌಂಟಿಯಲ್ಲಿ. 1818ರಲ್ಲಿ ಅವನು ಕೂತಲ್ಲೇ ಅದು ಸ್ಪೆನ್ಸರ್ ಕೌಂಟಿ ಆಗಿಹೋಯಿತು. ಪ್ರತಿ ಘಟನೆಗೂ 'ಆಗಿನ ಕೌಂಟಿ', 'ಈಗಿನ ಕೌಂಟಿ' ಎಂದು ಎರಡು ಅಂಕಣ ಇಟ್ಟುಕೊಳ್ಳಿ. ದಾಖಲೆ ಸಿಗುತ್ತಿಲ್ಲ ಎನ್ನುವ ಅರ್ಧ ದೂರುಗಳಿಗೆ ಇದೇ ಪರಿಹಾರ.

ಥಾಮಸ್‌ನ ಮದುವೆಯ ಕಾಗದ ಇದೇ ಥರದ ತಪ್ಪಿನಿಂದ ಬಹಳ ಕಾಲ ಸಿಗಲಿಲ್ಲ. ದಂಪತಿ ಸಂಸಾರ ಹೂಡಿದ್ದು ಹಾರ್ಡಿನ್ ಕೌಂಟಿಯ ಎಲಿಜಬೆತ್‌ಟೌನ್‌ನಲ್ಲಿ ಎಂದು ಎಲ್ಲರೂ ಅಲ್ಲೇ ಹುಡುಕಿದರು. ಲೈಸೆನ್ಸ್ ಕೊಡುತ್ತಿದ್ದದ್ದು ಹೆಣ್ಣಿನ ಕಡೆಯ ಕೌಂಟಿಯಲ್ಲಿ, ಇಲ್ಲಿ ವಾಷಿಂಗ್ಟನ್ ಕೌಂಟಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಅಧ್ಯಕ್ಷರು ತೀರಿಕೊಂಡು ವರ್ಷಗಳಾದ ಮೇಲೆ ಅದು ಬೆಳಕಿಗೆ ಬಂತು. ಕಾಗದಗಳು ಎರಡು. 1806ರ ಜೂನ್ 10ರದ್ದು ಮುಚ್ಚಳಿಕೆ: ಈ ಮದುವೆಗೆ ಕಾನೂನಿನ ಅಡ್ಡಿ ಇಲ್ಲ, ಇದ್ದರೆ 50 ಪೌಂಡ್ ತೆರುತ್ತೇವೆ ಎಂದು ವರ ಥಾಮಸ್ ಮತ್ತು ರಿಚರ್ಡ್ ಬೆರ್ರಿ ಸಹಿ ಹಾಕಿದ್ದಾರೆ. ಇನ್ನೊಂದು, ಜೂನ್ 12ರಂದು ಥಾಮಸ್ ಮತ್ತು ನ್ಯಾನ್ಸಿ ಹ್ಯಾಂಕ್ಸ್ ಮದುವೆ ಮಾಡಿಸಿದೆನೆಂದು ಪಾದ್ರಿ ಜೆಸ್ಸಿ ಹೆಡ್ ಕೊಟ್ಟ ವರದಿ. ಮುಚ್ಚಳಿಕೆಯಿಂದ ಮದುವೆಯ ಉದ್ದೇಶವಷ್ಟೇ ತಿಳಿಯುತ್ತದೆ, ಮದುವೆ ನಡೆಯಿತು ಎನ್ನುವುದಕ್ಕೆ ಸಾಕ್ಷಿ ಪಾದ್ರಿಯ ವರದಿ. ಮುಚ್ಚಳಿಕೆಯ ತಾರೀಖನ್ನು ಮದುವೆಯ ತಾರೀಖೆಂದು ಬರೆಯುವುದು ಹೊಸಬರ ಮಾಮೂಲು ತಪ್ಪು. ಜಾಮೀನಿಗೆ ನಿಂತವನ ಹೆಸರನ್ನು ಬಿಡಲೇಬೇಡಿ, ಅವನು ಸಾಮಾನ್ಯವಾಗಿ ಹೆಣ್ಣಿನ ಕಡೆಯ ಹಿರಿಯನೋ ಬಳಗದವನೋ ಆಗಿರುತ್ತಾನೆ.

ನ್ಯಾನ್ಸಿಯ ತಾಯಿ ಲೂಸಿ ಹ್ಯಾಂಕ್ಸ್; ತಂದೆ ಯಾರೆಂದು ತೋರಿಸುವ ದಾಖಲೆ ಇಲ್ಲ. ವಂಶವೃಕ್ಷದ ಆ ಚೌಕವನ್ನು ಖಾಲಿ ಬಿಡಬೇಕು.

ಚಕ್ಕುಬಂದಿ ಮತ್ತು ಚೌಕಟ್ಟು

ಥಾಮಸ್ ಕೆಂಟಕಿ ಬಿಟ್ಟದ್ದು ಏಕೆ? ಗುಲಾಮಗಿರಿ ಒಂದು ಕಾರಣ, ಆದರೆ ಮುಖ್ಯ ಕಾರಣ ಜಮೀನಿನ ಹಕ್ಕುಪತ್ರದ ತೊಂದರೆ ಎಂದು ಮಗನೇ 1860ರಲ್ಲಿ ಬರೆದಿದ್ದಾನೆ. ಕಾಗದಗಳೂ ಅದನ್ನೇ ಹೇಳುತ್ತವೆ. 1803ರಲ್ಲಿ ಮಿಲ್ ಕ್ರೀಕ್‌ನಲ್ಲಿ 238 ಎಕರೆಯನ್ನು 118 ಪೌಂಡಿಗೆ ಕೊಂಡ; 1814ರಲ್ಲಿ ಮಾರುವಾಗ ಅಳತೆಯ ದೋಷದಿಂದ 200 ಎಕರೆಯೇ ಲೆಕ್ಕಕ್ಕೆ ಬಂತು. 1808ರ ಕೊನೆಗೆ 200 ಡಾಲರ್ ಕೊಟ್ಟು ಪಡೆದ ಸಿಂಕಿಂಗ್ ಸ್ಪ್ರಿಂಗ್ ಹೊಲ ಹಕ್ಕಿನ ವ್ಯಾಜ್ಯದಲ್ಲಿ ಕೈಬಿಟ್ಟಿತು. ನಾಬ್ ಕ್ರೀಕ್‌ನಲ್ಲಿದ್ದಾಗ ಖಾಲಿ ಮಾಡಿಸುವ ದಾವೆ ಬಿತ್ತು.

ಇದರ ಬೇರು ಮೋಜಣಿ ಪದ್ಧತಿಯಲ್ಲಿದೆ. ವರ್ಜೀನಿಯಾ ಮತ್ತು ಕೆಂಟಕಿಯಲ್ಲಿ ಜಮೀನನ್ನು ನಮ್ಮ ಕ್ರಯಪತ್ರದ ಚಕ್ಕುಬಂದಿಯ ಹಾಗೆ ಗುರುತಿಸುತ್ತಿದ್ದರು: ಹಳ್ಳದ ದಡದ ಬಿಳಿ ಓಕ್ ಮರದಿಂದ ಇಂಥ ದಿಕ್ಕಿಗೆ ಇಷ್ಟು ಪೋಲ್, ಅಲ್ಲಿಂದ ಇಂಥವನ ಗೆರೆಯವರೆಗೆ ಅಂತ. ಒಂದು ಪೋಲ್ ಎಂದರೆ 16.5 ಅಡಿ, ನಾಲ್ಕು ಪೋಲ್‌ಗೆ 66 ಅಡಿಯ ಒಂದು ಸರಪಳಿ, 160 ಚದರ ಪೋಲ್‌ಗೆ ಒಂದು ಎಕರೆ. ಗುಂಟೆ ಲೆಕ್ಕ ಗೊತ್ತಿರುವವರಿಗೆ ಇದು ತಟ್ಟನೆ ಹೊಳೆಯುತ್ತದೆ: ನಮ್ಮ ಗುಂಟೆ 33 ಅಡಿಗೆ 33 ಅಡಿ, ಅಂದರೆ ಎರಡು ಪೋಲ್‌ಗೆ ಎರಡು ಪೋಲ್; ನಾಲ್ಕು ಚದರ ಪೋಲ್ ಸೇರಿ ಒಂದು ಗುಂಟೆ, ಅಂಥ ನಲವತ್ತಕ್ಕೆ ಎಕರೆ. ಆ ಪದ್ಧತಿಯಲ್ಲಿ ಮರ ಬಿದ್ದರೆ ಗುರುತು ಹೋಯಿತು, ಹಳ್ಳ ತಿರುಗಿದರೆ ಗಡಿ ತಿರುಗಿತು. ದಿಕ್ಸೂಚಿ ತೋರುವ ಉತ್ತರವೂ ವರ್ಷಗಳು ಕಳೆದಂತೆ ಸರಿಯುತ್ತದೆ. ಮೊದಲೇ ಅಳೆದವರ ನಕ್ಷೆ ನೋಡದೆ ಅಳೆದ ಜಮೀನುಗಳು ಒಂದರ ಮೇಲೊಂದು ಬಿದ್ದವು.

ಒಹಾಯೋ ನದಿಯ ಆಚೆ ಇಂಡಿಯಾನಾದಲ್ಲಿ ಸರ್ಕಾರ ಮೊದಲು ಅಳೆದು ಆಮೇಲೆ ಮಾರಿತು. ಡೆಲಾವೇರ್ ಮತ್ತು ಪಿಯಾಂಕಶಾ ಜನರಿಂದ 1804ರ ವಿನ್ಸೆನ್ಸ್ ಒಪ್ಪಂದದ ಮೂಲಕ ಪಡೆದ ನೆಲ ಅದು. ದಾಖಲೆಯಲ್ಲಿ 'ಖಾಲಿ' ಎಂದು ಕಾಣುವ ಕಾಡು ಖಾಲಿಯಾಗಿರಲಿಲ್ಲ ಎಂಬುದನ್ನು ಟಿಪ್ಪಣಿಯಲ್ಲಿ ಬರೆಯಲೇಬೇಕು. ಅಲ್ಲಿ ಆರು ಮೈಲಿ ಚೌಕದ ಟೌನ್‌ಶಿಪ್, ಅದರಲ್ಲಿ 36 ಸೆಕ್ಷನ್, ಒಂದೊಂದು ಸೆಕ್ಷನ್ 640 ಎಕರೆ. 1817ರ ಅಕ್ಟೋಬರ್‌ನಲ್ಲಿ ಥಾಮಸ್ ವಿನ್ಸೆನ್ಸ್ ಭೂಕಚೇರಿಯಲ್ಲಿ ಬರೆಸಿದ್ದು 32ನೇ ಸೆಕ್ಷನ್ನಿನ ನೈಋತ್ಯ ಕಾಲುಭಾಗ, ಟೌನ್‌ಶಿಪ್ 4 ದಕ್ಷಿಣ, ರೇಂಜ್ 5 ಪಶ್ಚಿಮ; ಅಂದರೆ ಮೋಜಣಿಯ ಆಧಾರರೇಖೆಗಳಿಂದ ದಕ್ಷಿಣಕ್ಕೆ ನಾಲ್ಕನೇ, ಪಶ್ಚಿಮಕ್ಕೆ ಐದನೇ ಸಾಲಿನ ಟೌನ್‌ಶಿಪ್. ಇಂಥ ವಿಳಾಸದಲ್ಲಿ ತಕರಾರಿಗೆ ಜಾಗವೇ ಇಲ್ಲ. ಎಕರೆಗೆ 2 ಡಾಲರ್, 160 ಎಕರೆಗೆ 320. ಮೊದಲು ಇಪ್ಪತ್ತರಲ್ಲೊಂದು ಪಾಲು, 16 ಡಾಲರ್ ಕಟ್ಟಿದ. ಆಮೇಲೆ 64 ಕಟ್ಟಿ ಕಾಲುಭಾಗ ಪೂರೈಸಿದ. ಉಳಿದ ಹಣ ಹೊಂದಿಸಲಾಗದೆ ಅರ್ಧ ಜಮೀನು ಬಿಟ್ಟುಕೊಟ್ಟು, 1827ರಲ್ಲಿ 80 ಎಕರೆಗೆ ಹಕ್ಕುಪತ್ರ ಪಡೆದ. ಹಕ್ಕುಪತ್ರ ಒಂದನ್ನೇ ನೋಡಿದವರು ಅವನು ಅಲ್ಲಿಗೆ ಬಂದದ್ದು 1827ರಲ್ಲಿ ಎಂದು ಬರೆದುಬಿಡುತ್ತಾರೆ. ಮೊದಲ ಕಂತಿನ ದಾಖಲೆ ತೆಗೆಸಿದರೆ ಹತ್ತು ವರ್ಷದ ಈ ತಪ್ಪು ಆಗುವುದಿಲ್ಲ.

1786ರ ಮೇ

ಕ್ಯಾಪ್ಟನ್ ಅಬ್ರಹಾಂ ಕೆಂಟಕಿಗೆ ಬಂದ ಒಂದೆರಡು ವರ್ಷದಲ್ಲೇ ಕೊಲೆಯಾದ ಎಂದು ಮೊಮ್ಮಗ 1859ರಲ್ಲಿ ಬರೆದ. ಬಂದದ್ದು 1781–82ರ ಸುಮಾರಿಗೆ ಎಂದೂ ಅವನೇ ಹೇಳುತ್ತಾನೆ. ಆದರೆ ಜೆಫರ್ಸನ್ ಕೌಂಟಿಯ ಲಾಂಗ್ ರನ್ ಹಳ್ಳದ 400 ಎಕರೆಯನ್ನು ಕ್ಯಾಪ್ಟನ್‌ಗಾಗಿ ಅಳೆದದ್ದು 1785ರ ಮೇ ತಿಂಗಳಲ್ಲಿ. ಸಾವು 1786ರದ್ದು. ಮನೆಯವರ ನೆನಪಿಗೂ ಮೋಜಣಿಗೂ ಜಗಳ ಬಂದರೆ ಮೋಜಣಿಯ ಮಾತು ನಡೆಯುತ್ತದೆ. ನೆನಪನ್ನು ಎಸೆಯದೆ ಪಕ್ಕದಲ್ಲಿಡಿ, ಘಟನೆ ಹೇಗಾಯಿತು ಎನ್ನುವುದು ಅದರಿಂದಲೇ ತಿಳಿಯುವುದು.

ಈ ಇಸವಿ ಏಕೆ ಅಷ್ಟು ಮುಖ್ಯ? ಆಗ ಕೆಂಟಕಿ ವರ್ಜೀನಿಯಾದ ಭಾಗ. ಉಯಿಲು ಬರೆಯದೆ ಸತ್ತವನ ಜಮೀನೆಲ್ಲ ಹಿರಿಯ ಮಗನಿಗೆ ಎಂಬ ಹಳೆಯ ಕಾನೂನನ್ನು ವರ್ಜೀನಿಯಾ ರದ್ದು ಮಾಡಿತ್ತು, ಆದರೆ ಹೊಸ ಕಾನೂನು ಜಾರಿಗೆ ಬಂದದ್ದು 1787ರ ಜನವರಿ 1ಕ್ಕೆ. ಎಂಟು ತಿಂಗಳ ಅಂತರದಲ್ಲಿ ಹಿರಿಯ ಮಗ ಮೊರ್ಡೆಕೈ ಎಲ್ಲಕ್ಕೂ ವಾರಸುದಾರನಾದ, ಎಂಟು ವರ್ಷದ ಕಿರಿಯ ಮಗ ಥಾಮಸ್‌ಗೆ ತುಂಡು ನೆಲವೂ ಬರಲಿಲ್ಲ. ಮೊರ್ಡೆಕೈ ಒಬ್ಬನೇ ಜಮೀನು ಮಾರಿದ ಪತ್ರ ನೋಡಿ ಉಳಿದ ಮಕ್ಕಳು ಇರಲೇ ಇಲ್ಲ ಎಂದುಕೊಂಡರೆ ಅದು ಕಾನೂನು ಗೊತ್ತಿಲ್ಲದ ತೀರ್ಮಾನ. ಹುಡುಗ ಕೂಲಿ, ಬಡಗಿತನ ಮಾಡಿ ಬೆಳೆದದ್ದಕ್ಕೂ ಕಾರಣ ಇಲ್ಲೇ ಇದೆ.

ಇಂಥ ಕಡೆ ಜನಗಣತಿ ಸಹಾಯಕ್ಕೆ ಬರುವುದಿಲ್ಲ. 1790 ಮತ್ತು 1800ರ ಕೆಂಟಕಿ ಗಣತಿ ಕಳೆದುಹೋಗಿದೆ. ಅದರ ಬದಲು ಕಂದಾಯದ ಪಟ್ಟಿ ಹಿಡಿಯಬೇಕು. 1840ರವರೆಗಿನ ಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ವಯಸ್ಸಿನ ಅಂಕಣದಲ್ಲಿ ಬರೀ ಸಂಖ್ಯೆ. ಆ ಸಂಖ್ಯೆಗಳೆಲ್ಲ ಮಕ್ಕಳೂ ಅಲ್ಲ: 1819ರಲ್ಲಿ ಥಾಮಸ್ ವಿಧವೆ ಸಾರಾ ಬುಷ್ ಜಾನ್‌ಸ್ಟನ್‌ಳನ್ನು ಮದುವೆಯಾದಾಗ ಅವಳ ಮೂರು ಮಕ್ಕಳೂ ಮನೆಗೆ ಬಂದವು. ದಾಸ್ಯದಲ್ಲಿಲ್ಲದ ಎಲ್ಲರ ಹೆಸರೂ ಬರೆದ ಮೊದಲ ಗಣತಿ 1850ರದ್ದು; ಥಾಮಸ್ ತೀರಿಕೊಂಡದ್ದು 1851ರ ಜನವರಿಯಲ್ಲಿ.

ಜಾನ್ ಎಂಬ ಕೊಂಡಿ

ತಮ್ಮ ಹಿರಿಯರು ಪೆನ್ಸಿಲ್ವೇನಿಯಾದ ಬರ್ಕ್ಸ್‌ನಿಂದ ಬಂದವರು ಎನ್ನುವಷ್ಟು ಅಧ್ಯಕ್ಷರಿಗೆ ಗೊತ್ತಿತ್ತು. 1848ರಲ್ಲಿ ಮ್ಯಾಸಚೂಸೆಟ್ಸ್‌ನ ಹಿಂಗಮ್‌ನ ಇತಿಹಾಸಕಾರ ಸಾಲೊಮನ್ ಲಿಂಕನ್‌ರಿಗೆ ಪತ್ರ ಬರೆದು ವಿಚಾರಿಸಿದ್ದರು. ಮೊರ್ಡೆಕೈ, ಅಬ್ರಹಾಂ, ಲೀವೈ ಮುಂತಾದ ಹೆಸರುಗಳು ಎರಡೂ ಕಡೆ ಇವೆ, ಅದಕ್ಕಿಂತ ಗಟ್ಟಿಯಾದ್ದು ಸಿಗಲಿಲ್ಲ ಎಂದು ಅಲ್ಲಿಗೇ ನಿಲ್ಲಿಸಿದರು. ಆ ಸಂಯಮ ಕಲಿಯಬೇಕಾದ್ದು: ಹೆಸರಿನ ಹೋಲಿಕೆ ಸುಳಿವೇ ಹೊರತು ಪುರಾವೆಯಲ್ಲ.

ಪುರಾವೆ ಇದ್ದದ್ದು ನಡುವಿನ ನ್ಯೂಜೆರ್ಸಿಯಲ್ಲಿ. 1736ರ ಉಯಿಲಿನಲ್ಲಿ ಮೊರ್ಡೆಕೈ ಮೊದಲ ಹೆಂಡತಿ ಹ್ಯಾನಾ ಸಾಲ್ಟರ್‌ಳ ಮಗ ಜಾನ್‌ಗೆ ಬರೆದದ್ದು ಪೆನ್ಸಿಲ್ವೇನಿಯಾದ ಮನೆಯನ್ನಲ್ಲ, ನ್ಯೂಜೆರ್ಸಿಯ 300 ಎಕರೆಯನ್ನು. ಜಾನ್ ಆಮೇಲೆ ಆ ಜಮೀನು ಮಾರಿದ. ಮಾರುವವನು ತನಗೆ ಅದು ಹೇಗೆ ಬಂತೆಂದು ಕ್ರಯಪತ್ರದಲ್ಲಿ ಸಾಮಾನ್ಯವಾಗಿ ಹೇಳುತ್ತಾನೆ. ಅಲ್ಲಿ ತಂದೆಯ ಹೆಸರು ಬಂತು. ಹೀಗೆ ವರ್ಜೀನಿಯಾದ ಜಾನ್ ಸಿಚುಯೇಟ್‌ನ ಕಮ್ಮಾರನ ಮೊಮ್ಮಗನೆಂದು ಗೊತ್ತಾಯಿತು. ಅಧ್ಯಕ್ಷರು ಹುಡುಕಿದ್ದು ಸರಪಳಿಯ ಎರಡು ತುದಿಗಳಲ್ಲಿ, ಕೊಂಡಿ ಇದ್ದದ್ದು ಮನೆತನ ಕೆಲವೇ ವರ್ಷ ತಂಗಿದ್ದ ಊರಿನಲ್ಲಿ. ಹೀಗಾಗಿ ವಲಸೆಯ ದಾರಿಯಲ್ಲಿ ತಂಗಿದ ಪ್ರತಿ ಊರಿನ ಜಮೀನು ಪುಸ್ತಕವನ್ನೂ, ಮನೆಯವರು ಅಲ್ಲಿಂದ ಹೋದ ಮೇಲೂ ಇಪ್ಪತ್ತು ವರ್ಷದವರೆಗೆ ನೋಡಿ. ಮಾರಾಟ ತಡವಾಗಿಯೇ ಆಗುತ್ತದೆ.

1752ಕ್ಕಿಂತ ಹಿಂದೆ ಹೋದಾಗ ತಾರೀಖಿನ ಎಚ್ಚರ ಬೇಕು. ಆಗ ಇಂಗ್ಲಿಷ್ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ 1ರಿಂದ ಮಾರ್ಚ್ 24ರವರೆಗಿನ ತಾರೀಖಿಗೆ 1735/36 ಎಂಬಂತೆ ಎರಡೂ ಇಸವಿ ಬರೆಯಿರಿ. ಕ್ವೇಕರ್ ಎಂಬ ಕ್ರೈಸ್ತ ಪಂಥದವರ ದಾಖಲೆಯಲ್ಲಿ 'ಮೊದಲನೇ ತಿಂಗಳು' ಎಂದರೆ ಆಗ ಮಾರ್ಚ್.

ಕೊನೆಯ ಕೊಂಡಿ ಸ್ಯಾಮುಯೆಲ್. 1637ರ ಏಪ್ರಿಲ್‌ನ ಪ್ರಯಾಣಿಕರ ಪಟ್ಟಿಯಲ್ಲಿ ನಾರಿಚ್‌ನ ನೇಕಾರ ಫ್ರಾನ್ಸಿಸ್ ಲಾಸ್‌ನ ಆಳಾಗಿ ಅವನ ಹೆಸರಿದೆ, ವಯಸ್ಸು 18 ಎಂದಿದೆ. ಇಂಗ್ಲೆಂಡಿನ ಹಿಂಗಮ್ ಚರ್ಚಿನ ಪುಸ್ತಕದಲ್ಲಿ ಅವನ ದೀಕ್ಷಾಸ್ನಾನ 1622ರ ಆಗಸ್ಟ್ 24ರಂದು. ಆ ಲೆಕ್ಕದಲ್ಲಿ ಹಡಗು ಹತ್ತುವಾಗ ಹದಿನೈದೂ ತುಂಬಿರಲಿಲ್ಲ. ದೀಕ್ಷಾಸ್ನಾನದ ದಿನವೇ ಜನ್ಮದಿನವಲ್ಲ, ಆದರೆ ಮೂರು ವರ್ಷದ ಮಗುವಿಗೆ ದೀಕ್ಷೆ ಕೊಡಿಸುವುದು ಆಗ ಅಪರೂಪ. ಎರಡನ್ನೂ ಬರೆದುಕೊಳ್ಳಿ: ಹುಟ್ಟು 1622ರ ಸುಮಾರು, ಆಧಾರ ಚರ್ಚಿನ ಪುಸ್ತಕ; ಹಡಗಿನ ಪಟ್ಟಿಯ ಪ್ರಕಾರ 1619ರ ಸುಮಾರು, ಹೇಳಿಕೆಯ ವಯಸ್ಸು.