ಕೂದಲು ಮತ್ತೆ ಬಂತು, ಆದರೆ ಎಣ್ಣೆಯಿಂದಲೇನಾ?

ಮನೆಮದ್ದು ಹಚ್ಚಿ ಕೂದಲು ಬಂತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕೂದಲು ನಿಜಕ್ಕೂ ಬಂದಿರುತ್ತದೆ. ಹಾಸನದಲ್ಲಿ ಚರ್ಮರೋಗದ ಡಾಕ್ಟರಾಗಿ ನಾನು ಮೊದಲು ಒಪ್ಪಿಕೊಳ್ಳುವುದೇ ಇದನ್ನು. ಕೇಳಬೇಕಾದ ಪ್ರಶ್ನೆ ಬೇರೆ. ಆ ಕೂದಲು ಉದುರಿದ್ದು ಯಾಕೆ? ಏನೂ ಹಚ್ಚದೆ ಇದ್ದಿದ್ದರೆ ಬರುತ್ತಿರಲಿಲ್ಲವಾ?

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಸುಮಾರು 3 ತಿಂಗಳು ಸುಮ್ಮನೆ ಇದ್ದು ಉದುರುತ್ತದೆ. ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ. ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇಂಥದ್ದರಿಂದ ದೇಹ ಸೊರಗಿದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಟ್ಟಿಗೆ ಬೆಳವಣಿಗೆ ನಿಲ್ಲಿಸುತ್ತವೆ. ಆದರೆ ಆಗಲೇ ಉದುರುವುದಿಲ್ಲ. 2–3 ತಿಂಗಳ ನಂತರ ಉದುರುತ್ತವೆ.

ಈ ಎರಡು ಮೂರು ತಿಂಗಳ ಅಂತರದಲ್ಲೇ ಎಲ್ಲ ಗೊಂದಲ ಹುಟ್ಟುವುದು. ಆಷಾಢ, ಶ್ರಾವಣದ ಮಳೆಯಲ್ಲಿ ಡೆಂಗಿ ಬಂದು ಹೋಗಿರುತ್ತದೆ. ಹಾಸನಾಂಬೆ ದರ್ಶನದ ಹೊತ್ತಿಗೆ ಬಾಚಣಿಗೆ ತುಂಬ ಕೂದಲು. ಜ್ವರ ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ಶಾಂಪೂ ಸರಿ ಇಲ್ಲ, ಬೋರ್‌ವೆಲ್ ನೀರು ಸರಿ ಇಲ್ಲ ಎಂದು ಮಾತು ಶುರುವಾಗುತ್ತದೆ. ಹಿಡಿ ಹಿಡಿಯಾಗಿ ಬರುವಾಗ ಯಾರಿಗಾದರೂ ಗಾಬರಿ ಆಗುತ್ತದೆ, ಅದರಲ್ಲೂ ಹೆಣ್ಣುಮಕ್ಕಳು ಅಳುತ್ತಲೇ ಬರುತ್ತಾರೆ. ಯಾರೋ ಒಂದು ಎಣ್ಣೆ ಹೇಳುತ್ತಾರೆ, ತರಿಸುತ್ತಾರೆ, ಹಚ್ಚುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಉದುರುವುದು ನಿಲ್ಲುತ್ತದೆ. ಹಣೆಯಂಚಿನಲ್ಲಿ ಸಣ್ಣ ಸಣ್ಣ ಕೂದಲು ನಿಮಿರಿ ನಿಲ್ಲುತ್ತವೆ. ಹೆಸರು ಎಣ್ಣೆಗೆ ಹೋಗುತ್ತದೆ. ಆದರೆ ಈ ಥರದ ಉದುರುವಿಕೆ ಸಾಮಾನ್ಯವಾಗಿ 6 ತಿಂಗಳೊಳಗೆ ತಾನಾಗಿಯೇ ಇಳಿಯುವಂಥದ್ದು. ಬಾಣಂತಿಯರಿಗೆ ಮೂರು ನಾಲ್ಕನೇ ತಿಂಗಳಲ್ಲಿ ಉದುರುವುದೂ ಇದೇ. ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಹೆಚ್ಚಿನವರಿಗೆ ಸರಿಹೋಗಿರುತ್ತದೆ. ಅಜ್ಜಿ ಕಾಯಿಸಿದ ಗರುಗದ ಸೊಪ್ಪಿನ ಎಣ್ಣೆ ಹಚ್ಚಿದರೂ ಅಷ್ಟೇ, ಹಚ್ಚದಿದ್ದರೂ ಅಷ್ಟೇ.

ಹಾಗಾದರೆ ಎಣ್ಣೆ ಪೂರ್ತಿ ದಂಡವಾ? ಅಲ್ಲ. ಕೊಬ್ಬರಿ ಎಣ್ಣೆಗೆ ಒಂದು ಒಳ್ಳೆಯ ಗುಣ ಇದೆ. ಅದು ಕೂದಲ ಎಳೆಯ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೂರ್ಯಕಾಂತಿ ಎಣ್ಣೆಗೆ, ಮಿನರಲ್ ಆಯಿಲ್‌ಗೆ ಈ ಗುಣ ಕಂಡಿರಲಿಲ್ಲ. ಅಂದರೆ ಅರಸೀಕೆರೆಯ ಕೊಬ್ಬರಿಯ ಎಣ್ಣೆ ಕೂದಲು ತುಂಡಾಗುವುದನ್ನು ತಡೆಯಬಹುದು. ದಾಸವಾಳದ ಎಲೆ, ನೆನೆಸಿದ ಮೆಂತ್ಯದ ಲೋಳೆ ಕೂದಲನ್ನು ನುಣುಪಾಗಿಸುತ್ತವೆ, ಸಿಕ್ಕು ಬಿಡಿಸುವುದು ಸುಲಭವಾಗುತ್ತದೆ. ಇಷ್ಟಕ್ಕೆ ಖಂಡಿತ ಬಳಸಿ. ಆದರೆ ಹೊರಗೆ ಕಾಣುವ ಕೂದಲು ಜೀವ ಇಲ್ಲದ ಎಳೆ. ಬೆಳೆಸುವ ಜೀವಕೋಶಗಳು ಚರ್ಮದ ಒಳಗಿವೆ. ಅಲ್ಲಿ ಈ ಎಣ್ಣೆ, ಲೋಳೆಗಳು ಹೊಸ ಕೂದಲು ಹುಟ್ಟಿಸುತ್ತವೆ ಎಂದು ಯಾರೂ ಸರಿಯಾಗಿ ತೋರಿಸಿಲ್ಲ. ಗರುಗದ ಸೊಪ್ಪಿನ ಬಗ್ಗೆ ಹೇಳುವ 'ಸಂಶೋಧನೆ'ಗಳಲ್ಲಿ ಮುಖ್ಯವಾದವು ಇಲಿಗಳ ಮೇಲೆ ನಡೆದವು. ಒಂದು ಮಾತು, ತಲೆಹೊಟ್ಟು ಇದ್ದವರು ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬೇಡಿ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ.

ಈರುಳ್ಳಿ ರಸದ ಕಥೆ ಸ್ವಲ್ಪ ಬೇರೆ. ಅದಕ್ಕೆ ಒಂದು ಅಧ್ಯಯನ ಇದೆ, 2002ರಲ್ಲಿ ಇರಾಕ್‌ನ ಬಾಗ್ದಾದ್‌ನಿಂದ ಬಂದದ್ದು. 23 ಜನ ದಿನಕ್ಕೆ ಎರಡು ಸಲ ಈರುಳ್ಳಿ ರಸ ಹಚ್ಚಿದರು. ಆರು ವಾರದಲ್ಲಿ 20 ಜನರಿಗೆ ಕೂದಲು ಬಂತು. ಬರೀ ನೀರು ಹಚ್ಚಿದವರಲ್ಲಿ ಇಬ್ಬರಿಗೆ ಮಾತ್ರ ಬಂತು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಅವರೆಲ್ಲರದ್ದೂ ನಾಣ್ಯದಷ್ಟು ದುಂಡಗೆ ಕೂದಲು ಹೋಗುವ ಕಾಯಿಲೆ, ನಮ್ಮ ಕಡೆ 'ಹುಳ ತಿಂದಿದೆ' ಅನ್ನುತ್ತಾರಲ್ಲ, ಅದು. ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ದಾಳಿ ಮಾಡುವುದರಿಂದ ಬರುವಂಥದ್ದು. ಒಂದೆರಡು ಮಚ್ಚೆ ಮಾತ್ರ ಇದ್ದರೆ ಬಹಳ ಜನರಿಗೆ ವರ್ಷದೊಳಗೆ ತಾನಾಗಿಯೇ ಕೂದಲು ಬರುತ್ತದೆ. ನೆತ್ತಿ ಬೋಳಾಗುತ್ತಿರುವವರಿಗೆ ಈ ಅಧ್ಯಯನ ಏನನ್ನೂ ಹೇಳುವುದಿಲ್ಲ. ಯಾರು ರಸ ಹಚ್ಚುತ್ತಿದ್ದಾರೆ, ಯಾರು ನೀರು ಹಚ್ಚುತ್ತಿದ್ದಾರೆ ಎಂದು ವಾಸನೆಯಲ್ಲೇ ಗೊತ್ತಾಗುತ್ತದೆ, ಅದೂ ಒಂದು ಕೊರತೆ.

ಈ ದುಂಡು ಮಚ್ಚೆಗೆ ಮಾಡುವ ನಾಟಿ ಔಷಧಿಗಳ ಬಗ್ಗೆ ನನಗೆ ನಿಜಕ್ಕೂ ಭಯ ಇದೆ. ಹಸಿ ಬೆಳ್ಳುಳ್ಳಿ ಅರೆದು ಕಟ್ಟಿದರೆ ಚರ್ಮ ಸುಡುತ್ತದೆ, ಬೊಕ್ಕೆ ಏಳುತ್ತದೆ. ಗುಲಗಂಜಿ ತೇಯ್ದು ಹಚ್ಚುತ್ತಾರೆ. ಆ ಬೀಜದಲ್ಲಿ ಕಡು ವಿಷ ಇದೆ, ಮಕ್ಕಳಿರುವ ಮನೆಯಲ್ಲಿ ಅದನ್ನು ಇಟ್ಟುಕೊಳ್ಳುವುದೇ ತಪ್ಪು. ಬ್ಲೇಡಿನಿಂದ ಕೆರೆದು ಹಚ್ಚುವವರೂ ಇದ್ದಾರೆ. ಸುಟ್ಟ ಗಾಯ ಆಳವಾಗಿ ಕಲೆಯಾದರೆ ಅಲ್ಲಿ ಕೂದಲ ಬುಡವೇ ಸಾಯುತ್ತದೆ. ತಾನಾಗಿ ಬರಬೇಕಿದ್ದ ಕೂದಲು ಆಮೇಲೆ ಬರುವುದೇ ಇಲ್ಲ.

ಮಕ್ಕಳ ತಲೆಯಲ್ಲಿ ಮಚ್ಚೆ ಇದ್ದು, ಅದರ ಮೇಲೆ ಪುಡಿ, ತುರಿಕೆ, ತುಂಡಾದ ಕೂದಲು ಕಂಡರೆ ಅದು ತಲೆಯ ಹುಳುಕಡ್ಡಿ ಇರಬಹುದು. ಅದಕ್ಕೆ ನುಂಗುವ ಮಾತ್ರೆಯೇ ಬೇಕು. ಮುಲಾಮು ಬುಡದವರೆಗೆ ಹೋಗುವುದಿಲ್ಲ. ಎಣ್ಣೆ ಹಚ್ಚುತ್ತಾ ತಿಂಗಳು ಕಳೆದರೆ ಅಕ್ಕ ತಂಗಿಯರಿಗೂ, ಹಾಸ್ಟೆಲ್ ಗೆಳೆಯರಿಗೂ ಹರಡುತ್ತದೆ.

ಇನ್ನು ವಂಶದಿಂದ ಬರುವ ಬೋಳು. ಗಂಡಸರಿಗೆ ಹಣೆಯ ಎರಡೂ ಬದಿ ಹಿಂದೆ ಸರಿಯುತ್ತದೆ, ನೆತ್ತಿ ಖಾಲಿಯಾಗುತ್ತದೆ. ಹೆಂಗಸರಿಗೆ ಬೈತಲೆ ಅಗಲವಾಗುತ್ತದೆ. ಇಲ್ಲಿ ಬುಡಗಳು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಹೋಗುತ್ತವೆ. ಅಡುಗೆಮನೆಯ ಯಾವ ವಸ್ತುವೂ ಇದನ್ನು ನಿಲ್ಲಿಸಿದ್ದು ನಾನು ಕಂಡಿಲ್ಲ. ಧರ್ಮಸ್ಥಳದಲ್ಲಿ ಮುಡಿ ಕೊಟ್ಟ ಮೇಲೆ ದಟ್ಟವಾಗಿ ಬಂತು ಎನ್ನುತ್ತಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಹಾಗೆ ಅನಿಸುತ್ತದೆ, ಬುಡ ಹೆಚ್ಚಾಗುವುದಿಲ್ಲ. ಹರಕೆ ಹರಕೆಯಾಗಿಯೇ ಇರಲಿ.

ರೀಲ್ಸ್‌ನಲ್ಲಿ ಮೊಣಕಾಲು ಮುಟ್ಟುವ ಜಡೆ ತೋರಿಸಿ ಮಾರುವ ಎಣ್ಣೆಗೂ ಇದೇ ಮಾತು. ಇಂಥ ಎಣ್ಣೆ, ಗಿಡಮೂಲಿಕೆ ವ್ಯಾಪಾರ ಹಕ್ಕಿಪಿಕ್ಕಿ ಸಮುದಾಯದ ಎಷ್ಟೋ ಮನೆಗಳ ಅನ್ನ. ನಮ್ಮ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲೂ ಅವರಿದ್ದಾರೆ. ಅವರ ದುಡಿಮೆಯ ಬಗ್ಗೆ ನನಗೆ ಗೌರವ ಇದೆ. ಆದರೆ ಜಡೆ ಎಷ್ಟು ಉದ್ದ ಬರುತ್ತದೆ ಎನ್ನುವುದು ಮುಖ್ಯವಾಗಿ ಕೂದಲು ಎಷ್ಟು ವರ್ಷ ಬೆಳೆಯುತ್ತದೆ ಎಂಬುದರ ಮೇಲೆ ನಿಂತಿದೆ. ಅದು ಹುಟ್ಟಿನಿಂದ ಬಂದದ್ದು, ಬಾಟಲಿಯಲ್ಲಿ ಬರುವುದಿಲ್ಲ.

ವಂಶದಿಂದ ಬರುವ ಬೋಳಿಗೆ ಪರೀಕ್ಷೆಯಲ್ಲಿ ಗೆದ್ದ ಮದ್ದುಗಳು ಕೆಲವೇ. ಮಿನಾಕ್ಸಿಡಿಲ್ ಮೊದಲು ಬಿ.ಪಿ. ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆಯುವುದನ್ನು ನೋಡಿ ತಲೆಗೆ ಹಚ್ಚುವ ಔಷಧಿ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 1997ರಲ್ಲಿ ಗಂಡಸರಿಗೆ ಫಿನಾಸ್ಟರೈಡ್ ಎಂಬ ಮಾತ್ರೆ ಬಂತು. ಇವೂ ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದಿಲ್ಲ. ಮೊದಲ ವಾರಗಳಲ್ಲಿ ಮಿನಾಕ್ಸಿಡಿಲ್‌ನಿಂದ ಕೂದಲು ಇನ್ನಷ್ಟು ಉದುರಬಹುದು, ಎಷ್ಟೋ ಜನ ಅಲ್ಲೇ ಹೆದರಿ ಬಿಟ್ಟುಬಿಡುತ್ತಾರೆ. ಫಲ ಕಾಣಲು 4ರಿಂದ 6 ತಿಂಗಳು ಬೇಕು. ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ. ಬುಡ ಪೂರ್ತಿ ಸತ್ತಿದ್ದರೆ ಇವು ಕೂಡ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಎಣ್ಣೆ ಬದಲಾಯಿಸುತ್ತಾ ಐದಾರು ವರ್ಷ ಕಳೆದು ಬರುವ ಹುಡುಗರನ್ನು ನೋಡಿದರೆ ಸಂಕಟವಾಗುತ್ತದೆ. ಮೊದಲ ವರ್ಷವೇ ಬಂದಿದ್ದರೆ ಉಳಿಸಿಕೊಳ್ಳಬಹುದಾಗಿದ್ದ ಕೂದಲು ಬಹಳ ಇತ್ತು.

ಹೆಂಗಸರಲ್ಲಿ ನಾನು ಮೊದಲು ನೋಡುವುದು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚೂ ಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದು ಉಣ್ಣುವವರಿಗೆ ತಲೆಗೆ ಏನು ಹಚ್ಚಿದರೆ ಏನು? ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್, ಇಷ್ಟು ಪರೀಕ್ಷೆ ಮಾಡಿಸಿದರೆ ಬಹಳಷ್ಟು ಗೊತ್ತಾಗುತ್ತದೆ. ದುಡ್ಡಿನ ತೊಂದರೆ ಇದ್ದರೆ ಹಾಸನದ ಸರ್ಕಾರಿ ಹಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಬರುವಾಗ ಕಳೆದ ಆರು ತಿಂಗಳಲ್ಲಿ ಬಂದ ಜ್ವರ, ತೆಗೆದುಕೊಂಡ ಮಾತ್ರೆ, ಹಚ್ಚಿದ ಎಣ್ಣೆ ಎಲ್ಲವನ್ನೂ ನೆನಪು ಮಾಡಿಕೊಂಡು ಬನ್ನಿ, ಮುಚ್ಚಿಡಬೇಡಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ರಕ್ತ ಕೊಡುವ ಮೊದಲೇ ಹೇಳಿ. ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ತೋರಿಸಬಹುದು, ಕೆಲವು ದಿನ ನಿಲ್ಲಿಸಿ ಆಮೇಲೆ ಮಾಡಿಸಬೇಕಾಗುತ್ತದೆ.