ನ್ಯಾಯಮೂರ್ತಿಗಳ ಪದಚ್ಯುತಿ ಮತ್ತು ಮಹಾಭಿಯೋಗ: ದಾರಿ ಇಷ್ಟು ಕಠಿಣವೇಕೆ?

ನಿಯಮಗಳನ್ನು ಬಾಯಿಪಾಠ ಮಾಡುವ ಮೊದಲು ನಮ್ಮ ಕರಾವಳಿಗೇ ಸಂಬಂಧಿಸಿದ ಒಂದು ಘಟನೆಯನ್ನು ಗಮನಿಸೋಣ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಪ್ರಕರಣದ ತೀರ್ಪು 1973ರ ಏಪ್ರಿಲ್‌ನಲ್ಲಿ ಬಂದ ಬೆನ್ನಿಗೇ, ಕೇಂದ್ರ ಸರ್ಕಾರವು ತನ್ನ ವಿರುದ್ಧ ತೀರ್ಪು ಕೊಟ್ಟಿದ್ದ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಕಡೆಗಣಿಸಿ ಎ.ಎನ್. ರೇ ಅವರನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿತು. ಆ ಮೂವರಲ್ಲಿ ಕಾರ್ಕಳ ತಾಲ್ಲೂಕಿನವರಾದ ಕೆ.ಎಸ್. ಹೆಗ್ಡೆ ಒಬ್ಬರು, ಮೂವರೂ ರಾಜೀನಾಮೆ ಕೊಟ್ಟರು. ಸರ್ಕಾರಕ್ಕೆ ಅವರ ಬಡ್ತಿಯನ್ನು ತಡೆಯಲು ಸಾಧ್ಯವಾಯಿತೇ ಹೊರತು ಅವರನ್ನು ವಜಾ ಮಾಡುವ ಅಧಿಕಾರ ಇರಲಿಲ್ಲ. ತನಗೆ ಒಪ್ಪಿಗೆಯಾಗದ ತೀರ್ಪು ಕೊಟ್ಟವರನ್ನು ಸರ್ಕಾರ ಮನೆಗೆ ಕಳುಹಿಸಬಾರದು, ಆದರೆ ನಿಜವಾಗಿಯೂ ದುರ್ನಡತೆ ತೋರಿದವರು ಕುರ್ಚಿಯಲ್ಲಿ ಉಳಿಯಲೂಬಾರದು ಎಂಬ ಎರಡು ಅಗತ್ಯಗಳ ನಡುವೆ ಈ ಇಡೀ ವ್ಯವಸ್ಥೆ ನಿಂತಿದೆ.

ರಾಷ್ಟ್ರಪತಿಯವರ ಮಹಾಭಿಯೋಗ, ಅಂದರೆ ಸಂಸತ್ತು ಆರೋಪ ಹೊರಿಸಿ ಹುದ್ದೆಯಿಂದ ತೆಗೆಯುವ ಕ್ರಮ, ಸಂವಿಧಾನದ 61ನೇ ವಿಧಿಯಲ್ಲಿದೆ. ಸಂವಿಧಾನದ ಉಲ್ಲಂಘನೆಯೊಂದೇ ಅದಕ್ಕೆ ಆಧಾರ. ಸದನದ ಕಾಲು ಭಾಗ ಸದಸ್ಯರ ಸಹಿಯಿರುವ 14 ದಿನಗಳ ನೋಟಿಸ್ ಬೇಕು; ಒಂದು ಸದನ ಆರೋಪ ಹೊರಿಸಿದರೆ ಇನ್ನೊಂದು ಸದನ ತನಿಖೆ ಮಾಡಬೇಕು; ಎರಡರಲ್ಲೂ ಒಟ್ಟು ಸದಸ್ಯಬಲದ ಮೂರನೇ ಎರಡರಷ್ಟು ಮತ ಬೀಳಬೇಕು. ಇಂದಿಗೂ ಯಾವ ರಾಷ್ಟ್ರಪತಿಯೂ ಹೀಗೆ ಹುದ್ದೆ ಕಳೆದುಕೊಂಡಿಲ್ಲ.

ಪರೀಕ್ಷೆಯ ದೃಷ್ಟಿಯಿಂದಲೂ ತಿಳಿವಳಿಕೆಯ ದೃಷ್ಟಿಯಿಂದಲೂ ಹೆಚ್ಚು ಸಮಯ ಕೊಡಬೇಕಾದದ್ದು ನ್ಯಾಯಮೂರ್ತಿಗಳ ಪದಚ್ಯುತಿಗೆ. 124(4)ನೇ ವಿಧಿಯ ಪ್ರಕಾರ ಸಾಬೀತಾದ ದುರ್ನಡತೆ ಅಥವಾ ಅಸಮರ್ಥತೆ ಮಾತ್ರ ಇದಕ್ಕೆ ಕಾರಣವಾಗಬಹುದು. 1968ರ ನ್ಯಾಯಾಧೀಶರ (ವಿಚಾರಣಾ) ಕಾಯ್ದೆಯಂತೆ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಹಾಕಿದ ನೋಟಿಸನ್ನು ಸ್ಪೀಕರ್ ಅಥವಾ ಸಭಾಪತಿ ಅಂಗೀಕರಿಸಿದರೆ, ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಮೂರ್ತಿ, ಹೈಕೋರ್ಟೊಂದರ ಮುಖ್ಯ ನ್ಯಾಯಮೂರ್ತಿ ಮತ್ತು ಒಬ್ಬ ಕಾನೂನು ತಜ್ಞರ ಸಮಿತಿ ವಿಚಾರಣೆ ನಡೆಸುತ್ತದೆ. ನ್ಯಾಯಮೂರ್ತಿ ಯಶವಂತ ವರ್ಮಾ ಅವರ ಮೇಲಿನ ಆರೋಪಗಳ ಬಗ್ಗೆ 2025ರಲ್ಲಿ ರಚನೆಯಾದ ಸಮಿತಿಯಲ್ಲಿ ತಜ್ಞರ ಸ್ಥಾನಕ್ಕೆ ನೇಮಕಗೊಂಡವರು ಉಡುಪಿ ಜಿಲ್ಲೆಯ ಮೂಲದ ಹಿರಿಯ ವಕೀಲ ಬಿ.ವಿ. ಆಚಾರ್ಯ. ಸಮಿತಿ ತಪ್ಪಿಲ್ಲವೆಂದರೆ ವಿಷಯ ಅಲ್ಲಿಗೇ ಮುಗಿಯಿತು. ತಪ್ಪು ಸಾಬೀತಾದರೆ ಮಾತ್ರ ಮತದಾನ: ಎರಡೂ ಸದನಗಳಲ್ಲಿ, ಒಂದೇ ಅಧಿವೇಶನದಲ್ಲಿ, ಒಟ್ಟು ಸದಸ್ಯಬಲದ ಬಹುಮತವೂ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲವೂ ಬೇಕು.

ಈ ಎರಡು ಷರತ್ತುಗಳ ವ್ಯತ್ಯಾಸ ತಿಳಿಯಲು 1993ರ ಮೇ ತಿಂಗಳಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಸಮಿತಿ ಅವರ ವಿರುದ್ಧ ಹಲವು ಆರೋಪಗಳು ಸಾಬೀತಾಗಿವೆ ಎಂದಿತ್ತು. ಲೋಕಸಭೆಯಲ್ಲಿ ನಿರ್ಣಯದ ಪರವಾಗಿ 196 ಮತಗಳು ಬಿದ್ದವು, ವಿರುದ್ಧ ಒಂದೂ ಬೀಳಲಿಲ್ಲ. ಕಾಂಗ್ರೆಸ್ ಮತ್ತು ಅದರ ಮಿತ್ರಪಕ್ಷಗಳ 205 ಸದಸ್ಯರು ಮತ ಹಾಕದೆ ಸುಮ್ಮನಿದ್ದರು. ಮತ ಹಾಕಿದವರೆಲ್ಲರೂ ಪರವಾಗಿದ್ದುದರಿಂದ ಮೂರನೇ ಎರಡರ ಷರತ್ತು ಪೂರೈಸಿತ್ತು, ಆದರೆ 545 ಸ್ಥಾನಗಳ ಸದನದಲ್ಲಿ 196 ಅರ್ಧಕ್ಕಿಂತ ಬಹಳ ಕಡಿಮೆ. ಹಾಗಾಗಿ ಯಾರೂ ವಿರೋಧಿಸದ ನಿರ್ಣಯವೂ ಬಿದ್ದುಹೋಯಿತು. ರಾಜಕೀಯದಿಂದ ನ್ಯಾಯಮೂರ್ತಿಗಳನ್ನು ಕಾಪಾಡಲೆಂದು ಎಬ್ಬಿಸಿದ ಗೋಡೆಯ ಹಿಂದೆ ರಾಜಕೀಯ ಪಕ್ಷವೇ ಒಬ್ಬರನ್ನು ಉಳಿಸಿಕೊಂಡ ಪ್ರಸಂಗವಿದು.

ಇನ್ನೊಂದು ಕೊರತೆ ರಾಜೀನಾಮೆಯದು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್, ವಿಚಾರಣೆ ಮುಗಿಯುವ ಮೊದಲೇ 2011ರಲ್ಲಿ ಹುದ್ದೆ ಬಿಟ್ಟರು. ಅದೇ ವರ್ಷ ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ವಿರುದ್ಧದ ನಿರ್ಣಯ ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು, ಲೋಕಸಭೆಯ ಸರದಿ ಬರುವ ಮುನ್ನ ಅವರೂ ರಾಜೀನಾಮೆ ಕೊಟ್ಟರು.

ಕೊನೆಗೆ, ಪ್ರಶ್ನೆಪತ್ರಿಕೆಯಲ್ಲಿ ಎಡವಿಸುವ ಕೆಲವು ಹುದ್ದೆಗಳು. ಮುಖ್ಯ ಚುನಾವಣಾ ಆಯುಕ್ತರನ್ನೂ ಭಾರತದ ನಿಯಂತ್ರಕ ಮತ್ತು ಮಹಾಲೇಖಪಾಲರನ್ನೂ (ಸಿಎಜಿ) ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಂತೆಯೇ ತೆಗೆಯಬೇಕು. ಉಪರಾಷ್ಟ್ರಪತಿಯವರ ವಿಷಯದಲ್ಲಿ ನಿರ್ಣಯ ರಾಜ್ಯಸಭೆಯಲ್ಲೇ ಹುಟ್ಟಿ, ಅಲ್ಲಿನ ಅಂದಿನ ಎಲ್ಲ ಸದಸ್ಯರ ಬಹುಮತ ಪಡೆದು, ಲೋಕಸಭೆಯ ಒಪ್ಪಿಗೆ ಗಳಿಸಬೇಕು. ರಾಜ್ಯಪಾಲರಿಗಂತೂ ಮಹಾಭಿಯೋಗವೇ ಇಲ್ಲ. ರಾಷ್ಟ್ರಪತಿಯವರ ಇಚ್ಛೆ ಇರುವಷ್ಟು ಕಾಲ ಅವರು ಆ ಹುದ್ದೆಯಲ್ಲಿರುತ್ತಾರೆ.